ಪೋಸ್ಟರ್‌ಗಳು ನೀಲಿಯಾಗುವ ಊರು

ಕಲಬುರಗಿಯಲ್ಲಿ ಹಳೆ ಪೋಸ್ಟರ್‌ಗಳೆಲ್ಲ ನೀಲಿಯಾಗುತ್ತವೆ. ಗಮನಿಸಿದ್ದೀರಾ? ಜಾತ್ರೆಯದಿರಲಿ, ಸಿನಿಮಾದ್ದಿರಲಿ, ಟ್ಯೂಷನ್ ಕ್ಲಾಸಿನದಿರಲಿ, ಒಂದು ಬೇಸಿಗೆ ಗೋಡೆ ಮೇಲೆ ಉಳಿದರೆ ಸಾಕು. ಮುಖ, ಹೂಮಾಲೆ, ಅಕ್ಷರ ಎಲ್ಲ ನೀಲಿ. ಕಾರಣ ಸರಳ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬಳಸುವುದು ಮುಖ್ಯವಾಗಿ ನಾಲ್ಕು ಶಾಯಿ: ನೀಲಿ, ಗುಲಾಬಿ, ಹಳದಿ, ಕಪ್ಪು. ಬಿಸಿಲಿಗೆ ಹಳದಿ ಮತ್ತು ಗುಲಾಬಿ ಬೇಗ ಸೋಲುತ್ತವೆ. ನೀಲಿ, ಕಪ್ಪು ತಡೆದುಕೊಳ್ಳುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ನಮ್ಮೂರಲ್ಲಿ ಬಿಸಿಲು ಈ ಕೆಲಸವನ್ನು ಬಹಳ ಜೋರಾಗಿ ಮಾಡುತ್ತದೆ.

ನಾನು ಹೈಸ್ಕೂಲ್ ಡ್ರಾಯಿಂಗ್ ಟೀಚರ್. ಅಮೂರ್ತ ಚಿತ್ರಗಳನ್ನು ಮಾಡುತ್ತೇನೆ. ನನ್ನ ಚಿತ್ರಗಳಲ್ಲಿ ಮನುಷ್ಯರಿಲ್ಲ, ಮರ ಇಲ್ಲ, ಗುಂಬಜ್ ಇಲ್ಲ. ಆದರೂ ಎಲ್ಲವೂ ಕಲಬುರಗಿಯೇ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮೂರಿನ ಧಾನ್ಯದ ಮಾರ್ಕೆಟ್ ನೆಹರು ಗಂಜ್‌ನ ಗೋಡೆಗಳನ್ನು ಇಟ್ಟುಕೊಂಡು ಒಂದು ದೊಡ್ಡ ಚಿತ್ರ ಮಾಡಿದೆ. ಅದು ಹೇಗೆ ಆಯಿತು ಅಂತ ಬರೆಯಬೇಕು ಅನ್ನಿಸಿತು. ಯಾಕಂದ್ರೆ ಅಮೂರ್ತ ಚಿತ್ರ ಅಂದರೆ ಮನಸ್ಸಿಗೆ ಬಂದಂತೆ ಬಣ್ಣ ಚೆಲ್ಲುವುದು ಅಂತ ಬಹಳ ಜನ ನಂಬಿದ್ದಾರೆ. ಹಾಗೆ ಮಾಡುವವರೂ ಇರಬಹುದು. ನನ್ನ ಚಿತ್ರದಲ್ಲಿ ಮಾತ್ರ ಪ್ರತಿ ಬಣ್ಣಕ್ಕೂ ಒಂದು ವಿಳಾಸ ಇದೆ.

ನಮ್ಮೂರಲ್ಲಿ ಚಿತ್ರಕಲೆ ಅಂದ ಕೂಡಲೇ ಜನ ಎಸ್.ಎಂ. ಪಂಡಿತರ ಹೆಸರು ಹೇಳುತ್ತಾರೆ. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಯವಾದವರು. ಊರಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ಅವರ ದೇವತೆಗಳ ಮೈಬಣ್ಣ, ರೇಷ್ಮೆಯ ಮಡಿಕೆ, ಒಡವೆಯ ಹೊಳಪು ನೋಡಿದರೆ ಕೈ ಚಾಚಬೇಕು ಅನ್ನಿಸುತ್ತದೆ. ನಾನು ಕಾಲೇಜಿನಲ್ಲಿ ಕಲಿತದ್ದೂ ಅದೇ ದಾರಿ. ಇವತ್ತಿಗೂ ಯಾರಾದರೂ ಕೇಳಿದರೆ ಭಾವಚಿತ್ರ ಮಾಡಿಕೊಡುತ್ತೇನೆ, ಖುಷಿಯಿಂದಲೇ. ಆದರೆ ಸೂಪರ್ ಮಾರ್ಕೆಟ್ ಕಡೆಯಿಂದ ಗಂಜ್‌ಗೆ ನಡೆದು ಹೋಗುವಾಗ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದದ್ದನ್ನು ಆ ರೀತಿಯಲ್ಲಿ ಬರೆಯಲು ಆಗುತ್ತಿರಲಿಲ್ಲ. ಅಂಗಡಿ, ಆಟೊ, ಚೀಲ ಹೊತ್ತ ಹಮಾಲರನ್ನು ಬರೆದರೆ ಅದು ಮಾರ್ಕೆಟ್‌ನ ಚಿತ್ರ ಆಗುತ್ತದೆ. ನಾನು ನೋಡುತ್ತಿದ್ದದ್ದು ಅವರ ಹಿಂದಿನ ಗೋಡೆ. ಸುಣ್ಣದ ಮೇಲೆ ಡಿಸ್ಟೆಂಪರ್, ಅದರ ಮೇಲೆ ಕೈಬರಹದ ಜಾಹೀರಾತು, ಅದರ ಮೇಲೆ ಪೋಸ್ಟರ್, ಪೋಸ್ಟರ್ ಹರಿದ ಜಾಗದಲ್ಲಿ ಮತ್ತೆ ಇಣುಕುವ ಸುಣ್ಣ. ಎಷ್ಟೋ ವರ್ಷ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ನಿಂತಿರುತ್ತವೆ.

ದಾರಿ ತೋರಿಸಿದ್ದು ಕಲಾವಿದ ರಾಮ್ ಕುಮಾರ್ ಅವರ ಕಾಶಿ ಚಿತ್ರಗಳು. ಮೊದಲು ಅವರು ಪಟ್ಟಣದ ಒಂಟಿ ಮನುಷ್ಯರನ್ನು ಬರೆಯುತ್ತಿದ್ದರು. 1960ರ ಸುಮಾರಿಗೆ ಎಂ.ಎಫ್. ಹುಸೇನ್ ಜೊತೆ ಕಾಶಿಗೆ ಹೋದರು. ಅಲ್ಲಿಂದ ಮುಂದೆ ಅವರ ಚಿತ್ರಗಳಲ್ಲಿ ಮನುಷ್ಯರು ಮರೆಯಾದರು. ಘಾಟ್, ಮನೆ, ನೀರು ಎಲ್ಲ ಬೂದು, ಕಂದು ತುಂಡುಗಳಾದವು. ಕಾಶಿಯನ್ನು ಗುರುತಿಸಲು ಆ ಚಿತ್ರಗಳಲ್ಲಿ ಒಂದು ದೋಣಿಯೂ ಬೇಕಿಲ್ಲ. ಇನ್ನೊಂದು ಕಡೆ ಪ್ಯಾರಿಸ್‌ನ ಜಾಕ್ ವಿಲೆಗ್ಲೆ 1949ರಿಂದ ಬೀದಿಯ ಹರಿದ ಪೋಸ್ಟರ್‌ಗಳನ್ನೇ ಕಿತ್ತು ತಂದು ಕಲಾಕೃತಿ ಮಾಡಿದರು. ನಾನೂ ಗಂಜ್‌ನ ಪೋಸ್ಟರ್ ಕಿತ್ತು ತಂದು ಅಂಟಿಸಬಹುದಿತ್ತು. ಮಾಡಲಿಲ್ಲ. ನಮ್ಮ ಗೋಡೆಯಲ್ಲಿ ಕಾಗದ ಒಂದು ಪದರ ಅಷ್ಟೇ. ಉಳಿದದ್ದೆಲ್ಲ ಸುಣ್ಣ, ಧೂಳು, ಬಿಸಿಲು. ಬಿಸಿಲನ್ನು ಕಿತ್ತು ತರಲು ಬರುವುದಿಲ್ಲ. ಅದು ಮಾಡಿದ ಕೆಲಸವನ್ನು ನಾನೇ ಮಾಡಿ ನೋಡಬೇಕು.

ಹಾಗಾಗಿ ಮೊದಲು ನೋಡುವ ಕೆಲಸ. ರಜೆ ಶುರುವಾದ ಮೇಲೆ ಬೆಳಗ್ಗೆ ಆರಕ್ಕೆಲ್ಲ ಗಂಜ್‌ನಲ್ಲಿ ಇರುತ್ತಿದ್ದೆ. ಒಂಬತ್ತರ ಮೇಲೆ ಪ್ರಯೋಜನ ಇಲ್ಲ. ಬಿಸಿಲು ನೇರ ಬಿದ್ದ ಗೋಡೆ ಕಣ್ಣು ಕುಕ್ಕುತ್ತದೆ, ಬಣ್ಣ ಎಲ್ಲ ಬೆಳ್ಳಗಾಗಿ ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬಹುದಲ್ಲ ಅಂತ ಕೇಳುತ್ತಾರೆ. ಆಕಾರಕ್ಕೆ ಫೋಟೋ ಸಾಕು, ಬಣ್ಣಕ್ಕೆ ಸಾಲದು. ಫೋನ್ ತನ್ನಷ್ಟಕ್ಕೆ ಬೆಳಕನ್ನು ಸರಿಮಾಡಿಕೊಳ್ಳುತ್ತದೆ. ಹಳದಿಗಟ್ಟಿದ ಸುಣ್ಣವನ್ನು ಅಚ್ಚ ಬಿಳಿ ಮಾಡಿ ತೋರಿಸುತ್ತದೆ. ನನಗೆ ಬೇಕಾದದ್ದೇ ಆ ಹಳದಿ. ಅದಕ್ಕೆ ದಪ್ಪ ಕಾಗದವನ್ನು ಅಂಗೈ ಅಗಲ ಕತ್ತರಿಸಿ ಕಾರ್ಡ್ ಮಾಡಿಕೊಂಡೆ. ಒಂದು ಸಣ್ಣ ಡಬ್ಬಿಯಲ್ಲಿ ಬಣ್ಣ, ಒಂದು ಬಾಟಲಿ ನೀರು. ಗೋಡೆ ಮುಂದೆ ನಿಂತೇ ಬಣ್ಣ ಕಲಸುವುದು, ಕಾರ್ಡಿಗೆ ಹಚ್ಚುವುದು, ಒಣಗಿದ ಮೇಲೆ ಗೋಡೆಗೆ ಆನಿಸಿ ನೋಡುವುದು. ನಾನು ಬಳಸುವ, ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಣಗಿದಾಗ ಸ್ವಲ್ಪ ಕಪ್ಪಾಗುತ್ತದೆ, ಆದ್ದರಿಂದ ಒಣಗುವ ತನಕ ಕಾಯಲೇಬೇಕು. ಕಾರ್ಡಿನ ಬಣ್ಣ ಗೋಡೆಯಲ್ಲಿ ಕಾಣದಂತೆ ಬೆರೆತರೆ ಅದು ಸರಿ. ಹಿಂದೆ ಬರೆದುಕೊಳ್ಳುತ್ತಿದ್ದೆ: ‘ಗಂಜ್, ಬೇಳೆ ಮಿಲ್ ಹಿಂದಿನ ಗಲ್ಲಿ, ಶಟರ್ ಎಡಕ್ಕೆ, ಬೆಳಗ್ಗೆ ಏಳು.’

ಗೋಡೆ ಮುಂದೆ ಹೆಂಗಸೊಬ್ಬಳು ಅಷ್ಟು ಹೊತ್ತು ನಿಂತರೆ ಜನ ಕೇಳದೆ ಇರುತ್ತಾರಾ? ಚಹಾ ಅಂಗಡಿಯ ಅಣ್ಣ ಕೇಳಿಯೇ ಬಿಟ್ಟರು.

“ಏನ್ರಿ ಮೇಡಮ್, ಗೋಡೌನ್ ಬಾಡಿಗಿಗಿ ನೋಡ್ಲಾಕತ್ತೀರೇನು?”

“ಇಲ್ಲಣ್ಣಾ, ಗೋಡಿ ಬಣ್ಣ ನೋಡ್ಲಾಕತ್ತೀನಿ.”

“ಬಣ್ಣ ಎಲ್ಲಿ ಅದರಿ ಇದಕ? ಎಲ್ಲಾ ಹೋಗ್ಯಾದ.”

“ಹೋಗಿದ್ದೇ ನೋಡ್ಲಾಕತ್ತೀನಿ.”

ಅವರು ಒಂದು ಕ್ಷಣ ಗೋಡೆ ನೋಡಿದರು. ಆಮೇಲೆ ನನ್ನನ್ನು ಕರೆದುಕೊಂಡು ತಮ್ಮ ಅಂಗಡಿಯ ಹಿಂದಿನ ಗೋಡೆ ತೋರಿಸಿದರು. ಒಲೆಯ ಹೊಗೆ, ಎಣ್ಣೆ ಕೈಗಳು, ಎಂದೋ ಹಚ್ಚಿದ ನೀಲಿ ಬೆರೆತ ಸುಣ್ಣ. ಆ ಕಾರ್ಡ್ ನನ್ನ ಹತ್ತಿರ ಇರುವ ಒಳ್ಳೆಯ ಕಾರ್ಡ್‌ಗಳಲ್ಲಿ ಒಂದು.

ಗಂಜ್‌ನ ಗೋಡೆಗಳಿಗೆ ಇನ್ನೊಂದು ವಿಶೇಷ ಇದೆ. ಕಲಬುರಗಿ ತೊಗರಿಗೆ ಹೆಸರಾದ ಊರು, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ವಸ್ತುವಿಗೆ ಕೊಡುವ ಗುರುತು) ಕೂಡ ಸಿಕ್ಕಿದೆ. ಬೇಳೆ ಮಾಡುವಾಗ ಹಾರುವ ಹೊಟ್ಟಿನ ಪುಡಿ ಗೋಡೆಗೆ, ತಗಡಿಗೆ, ವಿದ್ಯುತ್ ತಂತಿಗೆ ಎಲ್ಲಕ್ಕೂ ಕೂರುತ್ತದೆ. ಮಳೆ ಬಂದರೆ ಅರ್ಧ ತೊಳೆದು ಹೋಗುತ್ತದೆ, ಅರ್ಧ ಕಲೆಯಾಗಿ ಇಳಿಯುತ್ತದೆ. ಹಾಗಾಗಿ ಅಲ್ಲಿನ ಬಿಳಿ ಯಾವತ್ತೂ ಬರೀ ಬಿಳಿ ಇರುವುದಿಲ್ಲ. ಯೆಲ್ಲೋ ಆಕರ್ ಅನ್ನುವ ಮಣ್ಣಿನ ಹಳದಿ, ಕಂದು, ಬಿಳಿ ಮೂರನ್ನೂ ಬೆರೆಸಿ ಆ ಬಣ್ಣ ಹಿಡಿಯಲು ನನಗೆ ಬಹಳ ಕಷ್ಟವಾಯಿತು. ಕೊನೆಗೆ ಒಂದು ಚೂರು ನೇರಳೆ ಹಾಕಿದಾಗ ಸರಿಹೋಯಿತು. ಹಳದಿಯ ಜೋರನ್ನು ನೇರಳೆ ತಗ್ಗಿಸುತ್ತದೆ.

ಬಣ್ಣ ಸಿಕ್ಕಿತು. ಈಗ ಅದನ್ನು ಹಚ್ಚುವುದು ಯಾವುದರ ಮೇಲೆ? ಅಂಗಡಿಯಲ್ಲಿ ಸಿಗುವ ರೆಡಿ ಕ್ಯಾನ್ವಾಸ್ ನುಣುಪು. ಅದರ ಮೇಲೆ ಗೋಡೆ ಹುಟ್ಟುವುದಿಲ್ಲ. ಇಲ್ಲಿ ನನಗೆ ಒದಗಿದ್ದು ನಮ್ಮ ಶಹಾಬಾದ್ ಕಲ್ಲು. ಕಲಬುರಗಿ ಜಿಲ್ಲೆಯ ಬಹಳ ಮನೆಗಳ ನೆಲಕ್ಕೆ ಹಾಸಿದ ಬೂದು ಫರ್ಸಿ ಕಲ್ಲು ಅದೇ. ಅದು ಸುಣ್ಣದ ಕಲ್ಲು. ಅದೇ ಜಾತಿಯ ಕಲ್ಲಿನಿಂದಲೇ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತವೆ. ಸುಣ್ಣದ ಕಲ್ಲನ್ನು ಸುಟ್ಟರೆ ಗೋಡೆಗೆ ಹಚ್ಚುವ ಸುಣ್ಣ ಬರುತ್ತದೆ, ಹಚ್ಚಿದ ಸುಣ್ಣ ಗಾಳಿಯಲ್ಲಿ ಗಟ್ಟಿಯಾಗಿ ಮತ್ತೆ ಕಲ್ಲಿನ ಗುಣಕ್ಕೇ ಮರಳುತ್ತದೆ. ಇನ್ನು ಕ್ಯಾನ್ವಾಸಿಗೆ ಮೊದಲು ಬಳಿಯುವ ಬಿಳಿ ಜೆಸ್ಸೋ ಇದೆಯಲ್ಲ, ಅದರಲ್ಲೂ ಸಾಮಾನ್ಯವಾಗಿ ಇರುವುದು ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ನಮ್ಮ ನೆಲ, ನಮ್ಮ ಗೋಡೆ, ಚಿತ್ರದ ತಳ ಮೂರೂ ಒಂದೇ ವಸ್ತು. ಇದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಲ್ಲು ಪಾಲಿಶ್ ಮಾಡುವಲ್ಲಿ ಹೋಗಿ ಪುಡಿ ಕೇಳಿದೆ. ಮಷೀನಿನ ಕೆಳಗೆ ನೀರಿನ ಜೊತೆ ಇಳಿದು ಕೆಸರಾಗಿ ಬಿದ್ದಿರುತ್ತದೆ, ಅವರಿಗೆ ಅದು ಎತ್ತಿ ಹಾಕಬೇಕಾದ ಕಸ. ಒಂದು ಬಕೆಟ್ ತುಂಬಿ ಕೊಟ್ಟರು, ದುಡ್ಡು ಬೇಡ ಅಂದರು. ಮನೆಗೆ ತಂದು ನೀರಲ್ಲಿ ಕಲಕಿ, ತಿಳಿ ಬಸಿದು, ಮತ್ತೆ ಕಲಕಿ, ಛತ್ತಿನ ಮೇಲೆ ಒಣಗಿಸಿ, ತೆಳು ಬಟ್ಟೆಯಲ್ಲಿ ಸೋಸಿದೆ. ಕೈಗೆ ಹಿಟ್ಟಿನಂಥ ಬೂದು ಪುಡಿ ಬಂತು. ಇದನ್ನು ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಅಕ್ರಿಲಿಕ್ ಅಂಟಿನ ಜೊತೆ ಕಲಸಿ ಪುಟ್ಟಿ ಬ್ಲೇಡಿನಿಂದ ಎಳೆದರೆ ಒಳ್ಳೆ ಗಿಲಾವ್ (ಗಾರೆ) ಆಗುತ್ತದೆ. ಪುಡಿ ಜಾಸ್ತಿಯಾದರೆ ಬಿರುಕು ಬಿಡುತ್ತದೆ, ಮೀಡಿಯಂ ಜಾಸ್ತಿಯಾದರೆ ಪ್ಲಾಸ್ಟಿಕ್ ಹಾಗೆ ಹೊಳೆಯುತ್ತದೆ. ಎಳೆದು ಬಿಗಿದ ಕ್ಯಾನ್ವಾಸ್ ಅಲುಗಾಡುವುದರಿಂದ ಅದರ ಮೇಲೆ ಇಂಥ ದಪ್ಪ ಪದರ ನಿಲ್ಲುವುದಿಲ್ಲ. ಬಡಗಿ ಅಣ್ಣನ ಹತ್ತಿರ ನಾಲ್ಕು ಅಡಿ-ಐದು ಅಡಿ ಪ್ಲೈವುಡ್ ಹಲಗೆ ಮಾಡಿಸಿ, ಹಿಂದೆ ಮರದ ಪಟ್ಟಿ ಹೊಡೆಸಿ, ಮುಂದೆ ಕಾಟನ್ ಕ್ಯಾನ್ವಾಸ್ ಅಂಟಿಸಿದೆ. ಮುಂದೆ ಉಜ್ಜುವಾಗಲೂ ಹಿಂದೆ ಗಟ್ಟಿ ಆಸರೆ ಬೇಕಾಗುತ್ತದೆ.

ಇನ್ನು ಬಿಸಿಲಿನ ಮಾತು. ಮೇ ತಿಂಗಳಲ್ಲಿ ಅಕ್ರಿಲಿಕ್ ಜೊತೆ ಕೆಲಸ ಮಾಡುವ ಕಷ್ಟ ಕರಾವಳಿಯವರಿಗೆ ಗೊತ್ತಾಗಲಿಕ್ಕಿಲ್ಲ. ಅಕ್ರಿಲಿಕ್ ಒಣಗುವುದು ನೀರು ಆರಿದಾಗ. ನಮ್ಮಲ್ಲಿ ಗಾಳಿ ಅಷ್ಟು ಒಣ, ಬ್ರಷ್ಷು ಡಬ್ಬಿಯಿಂದ ಹಲಗೆಗೆ ಬರುವಷ್ಟರಲ್ಲಿ ಅಂಟಾಗಿರುತ್ತದೆ. ಎರಡು ಬಣ್ಣ ಒಂದರಲ್ಲೊಂದು ಕರಗಬೇಕಾದ ಜಾಗದಲ್ಲಿ ಗೆರೆ ಬೀಳುತ್ತದೆ. ಒಮ್ಮೆ ಒಣಗಿತು ಅಂದರೆ ನೀರು ಹಾಕಿ ಮತ್ತೆ ಕರಗಿಸಲು ಆಗುವುದಿಲ್ಲ. ಫ್ಯಾನ್ ಹಾಕಿದರೆ ಇನ್ನೂ ಬೇಗ ಒಣಗುತ್ತದೆ, ಹಾಕದಿದ್ದರೆ ನಾನು ಬೆವರಿ ಹೋಗುತ್ತೇನೆ. ಕೊನೆಗೆ ಕೂಲರ್ ಸಹಾಯಕ್ಕೆ ಬಂತು. ಕೂಲರ್ ನೀರಿನ ತೇವವನ್ನು ಗಾಳಿಗೆ ಸೇರಿಸುತ್ತದೆ. ಅದರ ಮುಖವನ್ನು ಖಾಲಿ ಗೋಡೆಗೆ ತಿರುಗಿಸಿ ಸ್ವಲ್ಪ ಹೊತ್ತು ನಡೆಸುವುದು, ಕೋಣೆ ತಂಪಾಗಿ ತೇವ ಏರಿದ ಮೇಲೆ ಆರಿಸಿ ಕೆಲಸಕ್ಕೆ ಇಳಿಯುವುದು. ಕಿಟಕಿಗೆ ಒದ್ದೆ ಗೋಣಿತಟ್ಟು. ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ.

ಆದರೆ ಇದೇ ಬಿಸಿಲಿನಿಂದ ಒಂದು ದೊಡ್ಡ ಅನುಕೂಲವೂ ಇತ್ತು. ಗೋಡೆಯಂಥ ಚಿತ್ರಕ್ಕೆ ಪದರಗಳು ಬೇಕು. ಮಧ್ಯಾಹ್ನ ಒಂದು ಪದರ ಹಚ್ಚಿ ಬಾಗಿಲು ತೆರೆದಿಟ್ಟರೆ ಬಿಸಿಗಾಳಿ ಒಣಗಿಸಿಬಿಡುತ್ತಿತ್ತು, ತಕ್ಷಣ ಮುಂದಿನದು. ಹಾಗಾಗಿ ದಿನವನ್ನು ಹಂಚಿಕೊಂಡೆ. ತೆಳುವಾಗಿ, ನಿಧಾನಕ್ಕೆ ಬೆರೆಯಬೇಕಾದ ಬಣ್ಣದ ಕೆಲಸ ನಸುಕಿನಲ್ಲಿ. ದಪ್ಪ ಪದರದ ಕೆಲಸ ಮಧ್ಯಾಹ್ನ. ಉಜ್ಜುವ ಕೆಲಸವೂ ನಸುಕಿನಲ್ಲೇ. ಯಾಕಂದ್ರೆ ಬಿಸಿಯಲ್ಲಿ ಅಕ್ರಿಲಿಕ್ ಮೆತ್ತಗಾಗಿ ಸ್ಯಾಂಡ್ ಪೇಪರಿಗೆ ಮೆತ್ತಿಕೊಳ್ಳುತ್ತದೆ. ತಂಪು ಹೊತ್ತಲ್ಲಿ ಗಟ್ಟಿ ಇರುತ್ತದೆ, ಸವೆಯುತ್ತದೆ.

ಪದರಗಳ ಕ್ರಮವನ್ನು ನಾನು ಗೋಡೆಯಿಂದಲೇ ತೆಗೆದುಕೊಂಡೆ. ಮೊದಲು ಕಲ್ಲಿನ ಗಿಲಾವ್. ಮೇಲೆ ಸುಣ್ಣದ ಬಿಳಿ. ಅದರ ಮೇಲೆ ನೀಲಿ ಹಾಕಿದ ಬಿಳಿ, ಹಬ್ಬಕ್ಕೆ ಹಚ್ಚುತ್ತಾರಲ್ಲ, ಅದು. ಆಮೇಲೆ ನಮ್ಮೂರಿನ ರೋಜಾ ಬಡಾವಣೆ ಕಡೆಯ ಮನೆಗಳಲ್ಲಿ ಸಿಕ್ಕ ತಿಳಿ ಹಸಿರು. ಅದರ ಮೇಲೆ ಜಾಹೀರಾತಿನ ಕೆಂಪು, ಕಪ್ಪು. ಕೊನೆಗೆ ಬಿಸಿಲು ತಿಂದ ಪೋಸ್ಟರಿನ ನೀಲಿ. ಹಲಗೆ ಆಗ ನೋಡಲು ಬಹಳ ಒರಟಾಗಿತ್ತು, ಎಲ್ಲ ಬಣ್ಣಗಳೂ ಒಟ್ಟಿಗೆ ಕೂಗುತ್ತಿದ್ದವು. ನಿಜವಾದ ಕೆಲಸ ಅಲ್ಲಿಂದ ಶುರು. 220 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ ಉಜ್ಜುವುದು. ಒದ್ದೆಯಾಗಿ ಉಜ್ಜಿದರೆ ಪುಡಿ ಹಾರುವುದಿಲ್ಲ, ಎದೆಗೆ ಹೋಗುವುದಿಲ್ಲ. ಇದನ್ನು ಮಾಡಲು ಹೊರಟವರು ದಯವಿಟ್ಟು ಒಣ ಹಲಗೆ ಉಜ್ಜಬೇಡಿ.

ಉಜ್ಜುತ್ತಾ ಹೋದಂತೆ ಕೆಳಗಿನದು ಮೇಲೆ ಬರುತ್ತದೆ. ಎಲ್ಲಿ ಬ್ಲೇಡು ದಪ್ಪ ಎಳೆದಿತ್ತೋ ಅಲ್ಲಿ ಮೊದಲು ಬಿಳಿ ಕಾಣುತ್ತದೆ, ತಗ್ಗಿನಲ್ಲಿ ನೀಲಿ ಉಳಿಯುತ್ತದೆ. ಯಾವ ಬ್ರಷ್ಷಿನಿಂದಲೂ ಬರೆಯಲಾಗದ ಅಂಚುಗಳು ಬರುತ್ತವೆ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ. ಕೈ ನೋಯುತ್ತದೆ, ಬೆರಳಿನ ತುದಿ ಸವೆಯುತ್ತದೆ, ಆದರೆ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ. ಅವ್ವ ಮಾತ್ರ ಬಾಗಿಲಲ್ಲಿ ನಿಂತು ಬೇಜಾರು ಮಾಡಿಕೊಂಡರು.

“ಇಷ್ಟು ದಿನ ಹಚ್ಚಿದ್ದೆಲ್ಲಾ ಕೆರದು ತಗಿಲಾಕತ್ತಿ. ಬಣ್ಣಕ್ಕ ರೊಕ್ಕ ಬಿದ್ದಿಲ್ಲೇನು?”

“ತಗದ ಮ್ಯಾಲೇ ಕಾಣ್ತದವ್ವಾ.”

ಅವ್ವ ಹತ್ತಿರ ಬಂದು, ಒದ್ದೆ ಹಲಗೆ ಮೇಲೆ ಕೈಯಾಡಿಸಿ, “ನಮ್ಮ ಹಳೀ ಮನಿ ಗ್ವಾಡಿ ಹಿಂಗಾ ಇತ್ತು” ಅಂದರು. ಆಮೇಲೆ ಬೈಯಲಿಲ್ಲ.

ಅಲ್ಲಿಗೆ ಬಂದು ಚಿತ್ರ ನಿಂತುಬಿಟ್ಟಿತು. ಅಂಚುಗಳು ಚೆನ್ನಾಗಿದ್ದವು, ಬಣ್ಣಗಳು ಕಾರ್ಡಿಗೆ ಸರಿಯಾಗಿದ್ದವು. ಆದರೆ ಇಡೀ ಹಲಗೆ ಒಂದೇ ಸಮ ಸವೆದಿತ್ತು. ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಅಮೂರ್ತ ಚಿತ್ರದಲ್ಲಿ ಇದು ದೊಡ್ಡ ಅಪಾಯ. ಹೋಟೆಲಿನ ಗೋಡೆಗೆ ತೂಗಿ ಹಾಕುವ ಅಲಂಕಾರದ ಚಿತ್ರಗಳು ಇರುತ್ತವಲ್ಲ, ನೋಡಲು ಹಿತ, ಒಳಗೆ ಏನೂ ನಡೆಯುತ್ತಿರುವುದಿಲ್ಲ. ಅಂಥದ್ದು ನನಗೆ ಬೇಡವಾಗಿತ್ತು. ಅಮೂರ್ತ ಚಿತ್ರಗಳಿಗೆ ಹೆಸರಾದ ಕಲಾವಿದ ವಿ.ಎಸ್. ಗಾಯ್ತೊಂಡೆ ಅವರು ರೋಲರ್ ಮತ್ತು ಪ್ಯಾಲೆಟ್ ನೈಫ್ ಹಿಡಿದು ಪದರದ ಮೇಲೆ ಪದರ ಹಾಕಿ, ತೆಗೆದು, ವರ್ಷಕ್ಕೆ ಕೆಲವೇ ಚಿತ್ರ ಮುಗಿಸುತ್ತಿದ್ದರು. ಅವರ ಚಿತ್ರದಲ್ಲಿ ಬಣ್ಣ ಒಂದೇ ಇದ್ದರೂ ಎಲ್ಲೋ ಒಂದು ಕಡೆ ಬೆಳಕು ಬೇರೆಯಾಗುತ್ತದೆ, ಅಲ್ಲಿಗೆ ಕಣ್ಣು ಹೋಗುತ್ತದೆ. ನನ್ನ ಹಲಗೆಯಲ್ಲಿ ಅಂಥ ಜಾಗ ಯಾವುದು? ಕಾರ್ಡ್‌ಗಳನ್ನೆಲ್ಲ ನೆಲಕ್ಕೆ ಹರಡಿ ನೋಡಿದೆ. ಗೊತ್ತಾಗಲಿಲ್ಲ. ಮತ್ತೆ ಗಂಜ್‌ಗೆ ಹೋದೆ.

ಅಲ್ಲಿ ಚಹಾ ಅಂಗಡಿಯ ಅಣ್ಣ ಒಬ್ಬ ಕಾಕಾನ ಪರಿಚಯ ಮಾಡಿಸಿದರು. ವಯಸ್ಸಾದವರು, ಮೊದಲು ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ ಈಗ ಅಪರೂಪಕ್ಕೆ ಲಾರಿಯ ನಂಬರ್ ಬರೆದುಕೊಡುತ್ತಾರೆ. ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ನಾಲ್ಕೂ ಅಕ್ಷರ ಅವರ ಕೈಯಲ್ಲಿ ಇವೆ. ನಾನು ದಿನಾ ನೋಡುತ್ತಿದ್ದ ಗೋಡೆ ಮುಂದೆ ನಿಂತು ಅವರು ಹೇಳಿದರು:

“ಈ ಗ್ವಾಡಿ ಮ್ಯಾಲೆ ನಾನೇ ಬರದೀನಿ ಬೇಟಿ. ಎಲ್ಲಾಕ್ಕಿಂತ ಕೆಳಗ ಬೀಜದ ಅಂಗಡಿದು. ಅದರ ಮ್ಯಾಲೆ ಸಿಮೆಂಟಿಂದು. ಅದರ ಮ್ಯಾಲೆ ಉರ್ದುದಾಗ ಒಂದು ಹೋಟೆಲಿಂದು. ನೋಡು, ಅಕ್ಷರ ಇದ್ದ ಜಾಗ ಉಬ್ಬಿ ನಿಂತದ.”

ನಿಜ. ಬಣ್ಣ ಹೋಗಿದ್ದರೂ ಅಕ್ಷರದ ಆಕಾರ ಬೆರಳಿಗೆ ಸಿಗುತ್ತಿತ್ತು. ಯಾಕೆ ಅಂತ ಅವರೇ ಹೇಳಿದರು. ಆಯಿಲ್ ಪೇಂಟ್ ಇದ್ದ ಕಡೆ ಕೆಳಗಿನ ಸುಣ್ಣಕ್ಕೆ ಹೊದಿಕೆ ಸಿಕ್ಕಿತು. ಸುತ್ತಲಿನ ಸುಣ್ಣ ಮಳೆಗೆ ತೊಳೆದು ಹೋಯಿತು. ಆಮೇಲೆ ಬಿಸಿಲಿಗೆ ಪೇಂಟೂ ಉದುರಿತು. ಹಾಗೆ ಉಳಿದದ್ದು ಬಣ್ಣವಿಲ್ಲದ ಅಕ್ಷರ. ಎಡದಿಂದ ಬಂದ ಕನ್ನಡದ ದುಂಡು, ಬಲದಿಂದ ಬಂದ ಉರ್ದುವಿನ ಉದ್ದ ಎಳೆತ, ಎರಡೂ ಒಂದರ ಮೇಲೊಂದು ಕೂತು ಓದಲು ಬಾರದ ಹೊಸ ಆಕಾರವಾಗಿದ್ದವು. ಬರೆದವರು ಪಕ್ಕದಲ್ಲೇ ನಿಂತಿದ್ದರು. ನನಗೆ ಮೈ ಜುಮ್ಮೆಂದಿತು.

ಕಾಕಾರನ್ನು ಮನೆಗೆ ಕರೆದೆ. ಮೊಮ್ಮಗನ ಗಾಡಿಯಲ್ಲಿ ಬಂದರು. ಚಿತ್ರದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಚಹಾ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಎದ್ದು ನೇರ ಬಲಭಾಗದ ಕೆಂಪಿನ ಹತ್ತಿರ ಹೋದರು.

“ಇಲ್ಲಿ ಕೆಂಪು ಜಾಸ್ತಿ ಉಳದದ. ನಮ್ಮ ಬಿಸಲಿಗಿ ಇಷ್ಟು ಉಳಿಯಂಗಿಲ್ಲ. ಕೆಂಪು ಮೊದಲ ಓಡಿ ಹೋಗ್ತದ. ಕರಿ ಕೊನೀತನ ಇರ್ತದ.”

“ಛಜ್ಜಾ ಕೆಳಗ ಉಳೀತದಲ್ಲ ಕಾಕಾ?”

ಅವರು ತಿರುಗಿ ನೋಡಿದರು. “ಹಾಂ. ಛಜ್ಜಾ ಕೆಳಗ ಉಳೀತದ. ಛಜ್ಜಾ ಎಲ್ಲದ ಇದರಾಗ?”

ಅದೇ ಆಗಬೇಕಿತ್ತು. ಹಲಗೆ ತುಂಬ ನಾನು ಬಿಸಿಲಿನ ಕೆಲಸ ಮಾತ್ರ ಮಾಡಿದ್ದೆ. ನೆರಳು ಎಲ್ಲಿ ಬಿತ್ತು ಅನ್ನುವುದು ಚಿತ್ರದಲ್ಲಿ ಇನ್ನೂ ಬಂದಿರಲಿಲ್ಲ. ಗೋಡೆಯಲ್ಲಿ ಒಂದು ಬಣ್ಣ ಉಳಿದಿದೆ ಅಂದರೆ ಅದರ ಮೇಲೆ ಏನೋ ಇದೆ: ಛಜ್ಜಾ, ಬೋರ್ಡು, ತಗಡು, ಮರದ ಕೊಂಬೆ. ಕಾಕಾ ಹೋದ ಮೇಲೆ ಕೆಂಪಿನ ಮೇಲ್ಗಡೆ ಹಲಗೆಯ ಅಗಲಕ್ಕೂ ಒಂದು ಕಪ್ಪು ಪಟ್ಟಿ ಇದ್ದರೆ ಹೇಗೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕೂಡಲೇ ಕಣ್ಣು ಅಲ್ಲಿ ನಿಂತಿತು. ಉಳಿದ ಮುಕ್ಕಾಲು ಭಾಗದ ಮಾಸಲು ಬಣ್ಣಗಳಿಗೂ ಅರ್ಥ ಬಂತು.

ಆದರೆ ನೆರಳು ಬರೀ ಕಪ್ಪಲ್ಲ. ಅದನ್ನು ನೋಡಲು ಕೋಟೆಗೆ ಹೋದೆ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು, ಕಲಬುರಗಿ ಬಹಮನಿಗಳ ರಾಜಧಾನಿಯಾಗಿದ್ದ ಕಾಲದ್ದು. ಸಾಮಾನ್ಯವಾಗಿ ಮಸೀದಿಗಳಿಗೆ ತೆರೆದ ಅಂಗಳ ಇರುತ್ತದೆ. ಇದಕ್ಕಿಲ್ಲ. ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಚಾವಣಿ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಸಾಲು ಸಾಲು ಕಮಾನುಗಳ ನೆರಳು. ನೆರಳು ಹೇಗೆ ಇರುತ್ತದೆ ಅಂತ ಕಲಿಯಲು ನಮ್ಮೂರಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನಾನು ನಂಬಿದ್ದೇನೆ. ಸುಮ್ನೆ ಕೂತು ನೋಡಿದೆ. ಕಮಾನಿನ ಅಂಚಿನಲ್ಲಿ ನೆರಳು ಚಾಕುವಿನಿಂದ ಕೊಯ್ದಂತೆ ಇರುತ್ತದೆ. ಒಳಗೆ ಹೋದಂತೆ ತಿಳಿಯಾಗುತ್ತದೆ. ಯಾಕಂದ್ರೆ ಹೊರಗಿನ ನೆಲಕ್ಕೆ ಬಿದ್ದ ಬಿಸಿಲು ಪುಟಿದು ಒಳಗೆ ಬರುತ್ತದೆ, ಬರುವಾಗ ನೆಲದ ಬಣ್ಣವನ್ನೂ ತರುತ್ತದೆ. ಕಮಾನಿನ ಕೆಳಮೈಯಲ್ಲಿ ಒಂದು ತಿಳಿ ಕಂದು ಹೊಳಪು ಇತ್ತು. ಅದಕ್ಕೂ ಒಂದು ಕಾರ್ಡ್ ಮಾಡಿಕೊಂಡೆ.

ಮನೆಗೆ ಬಂದು ಕಪ್ಪು ಪಟ್ಟಿಯನ್ನು ಕಪ್ಪಿನಿಂದ ಹಚ್ಚಲಿಲ್ಲ. ಗಾಢ ನೀಲಿ ಮತ್ತು ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬೆರೆಸಿದರೆ ಬರುವ ಕಪ್ಪಿಗೆ ಉಸಿರು ಇರುತ್ತದೆ, ಅದನ್ನು ಬಳಸಿದೆ. ಮೇಲಿನ ಅಂಚು ಚೂಪು. ಕೆಳಗೆ ಇಳಿದಂತೆ ಕೋಟೆಯಲ್ಲಿ ಸಿಕ್ಕ ಕಂದು. ಅದರ ಕೆಳಗೆ ಕೆಂಪು. ಪಟ್ಟಿಯ ನೆರಳು ಮುಟ್ಟದ ಕಡೆ ಇದ್ದ ಕೆಂಪನ್ನೆಲ್ಲ ಉಜ್ಜಿ ತೆಗೆದೆ. ಎಡಭಾಗದಲ್ಲಿ ಕಾಕಾ ತೋರಿಸಿದ ಉಬ್ಬಿದ ಅಕ್ಷರಗಳ ವಿಧಾನ ಪ್ರಯತ್ನಿಸಿದೆ. ಕಲ್ಲಿನ ಗಿಲಾವ್‌ನಲ್ಲಿ ದುಂಡು ಮತ್ತು ಎಳೆತದ ಆಕಾರಗಳನ್ನು ದಪ್ಪಗೆ ಎಳೆದು, ಮೇಲೆ ಬಿಳಿ ಮುಚ್ಚಿ, ಸುತ್ತ ಉಜ್ಜಿದೆ. ಅವು ಯಾವ ಅಕ್ಷರವೂ ಅಲ್ಲ. ಆದರೆ ನಮ್ಮೂರಿನ ಗೋಡೆ ಕಂಡವರಿಗೆ ಗೊತ್ತಾಗುತ್ತದೆ. ಅಷ್ಟಾದ ಮೇಲೆ ಮುಟ್ಟಬೇಕಾದ ಜಾಗ ಯಾವುದೂ ಕಾಣಲಿಲ್ಲ. ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ದಿನಕ್ಕೆ ಬೇರೆ ಬೇರೆ ಹೊತ್ತಲ್ಲಿ ನೋಡಿದೆ. ಸಂಜೆ ಮಂದ ಬೆಳಕಲ್ಲೂ ಆ ಕೆಂಪು ತನ್ನ ಜಾಗದಲ್ಲಿ ನಿಂತಿತ್ತು. ಸಹಿ ಹಾಕಿದೆ.

ಶಾಲೆ ಶುರುವಾದ ಮೇಲೆ ಊರಿನ ಒಂದು ಗ್ಯಾಲರಿಯಲ್ಲಿ ಕೆಲವು ಕಲಾವಿದರು ಸೇರಿ ಪ್ರದರ್ಶನ ಮಾಡಿದೆವು. ಹಲಗೆಯನ್ನು ಚಾದರ ಸುತ್ತಿ ಟಂಟಂನಲ್ಲಿ ಒಯ್ದೆವು. ಚಿತ್ರದ ಪಕ್ಕ ಒಂದು ಮೇಜು ಹಾಕಿ, ಎಲ್ಲ ಕಾರ್ಡ್‌ಗಳನ್ನೂ ವಿಳಾಸದ ಸಮೇತ ಇಟ್ಟೆ. ಕಾರ್ಡ್ ಎತ್ತಿ ಹಿಂದೆ ಓದಬಹುದು, ಚಿತ್ರದ ಪಕ್ಕ ಹಿಡಿದು ನೋಡಬಹುದು. ಕೆಲವು ಗೆಳೆಯರಿಗೆ ಇದು ಇಷ್ಟವಾಗಲಿಲ್ಲ. ಅಮೂರ್ತ ಚಿತ್ರವನ್ನು ವಿವರಿಸಬಾರದು, ನೋಡುವವರಿಗೆ ಬಿಡಬೇಕು ಅಂದರು. ಅವರ ಮಾತಿಗೆ ಗೌರವ ಇದೆ, ಆದರೆ ನಾನು ಒಪ್ಪುವುದಿಲ್ಲ. ಬಾಗಿಲು ತೋರಿಸಿದರೆ ಮನೆ ಚಿಕ್ಕದಾಗುವುದಿಲ್ಲ. ಪಂಡಿತರ ಚಿತ್ರ ನೋಡಿ ಬೆಳೆದ ಊರಿನವರು ಬಂದು “ಇದರಾಗ ಏನದರಿ?” ಅಂತ ಕೇಳುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕು.

ಆಗಿದ್ದು ಏನಂದರೆ ಜನ ತಮ್ಮ ತಮ್ಮ ಓಣಿ ಹುಡುಕತೊಡಗಿದರು. ಬ್ರಹ್ಮಪುರದ್ದು ಇದೆಯಾ, ಶಹಾಬಜಾರದ್ದು ಇದೆಯಾ ಅಂತ ಕಾರ್ಡ್ ತಿರುವಿದರು. ಗಂಜ್‌ನ ಇಬ್ಬರು ಹಮಾಲರು ಚಹಾ ಅಂಗಡಿಯ ಅಣ್ಣನ ಜೊತೆ ಬಂದಿದ್ದರು. ಹೊಟ್ಟಿನ ಪುಡಿ ಕೂತ ಬಿಳಿಯನ್ನು ಕಾರ್ಡ್ ನೋಡದೆಯೇ ಗುರುತಿಸಿದರು. ಮಕ್ಕಳಿಗೆ ಉಬ್ಬಿದ ಆಕಾರ ಮುಟ್ಟುವ ಆಸೆ. ಮುಟ್ಟಲಿ ಅಂದೆ, ಅದು ಗೋಡೆ ತಾನೇ.

ಕೊನೆಯ ದಿನ ರೋಜಾ ಕಡೆಯ ಒಬ್ಬ ಹೆಣ್ಣುಮಗಳು ಬಂದಳು, ಕಾಲೇಜು ಓದುವ ಹುಡುಗಿ. ಹಸಿರು ಕಾರ್ಡ್ ಎತ್ತಿಕೊಂಡು ಚಿತ್ರದ ಹತ್ತಿರ, ಕಿಟಕಿಯ ಹತ್ತಿರ, ಮತ್ತೆ ಚಿತ್ರದ ಹತ್ತಿರ ಹಿಡಿದು ನೋಡಿದಳು.

“ಮೇಡಮ್, ಇದು ನಮ್ಮ ಓಣಿ ಹಸಿರು ಅಲ್ಲರಿ. ನಮ್ಮದು ಇನ್ನಾ ದಟ್ಟ ಅದ.”

“ಯಾವ ಓಣಿ ನಿಮ್ಮದು? ಇದು ದೊಡ್ಡ ರಸ್ತಾದ ಮನಿದು.”

“ಹಂಗಾದ್ರ ಬ್ಯಾರೆ. ದೊಡ್ಡ ರಸ್ತಾದಾಗ ದಿನಾಪೂರ್ತಿ ಬಿಸಿಲು ಬೀಳ್ತದ. ನಮ್ಮ ಗಲ್ಲಿ ಸಣ್ಣದು, ಬಿಸಿಲು ಒಂದು ತಾಸು ಬಂದು ಹೋಗ್ತದ.”

ಎಷ್ಟು ಚೆನ್ನಾಗಿ ಹೇಳಿದಳು! ಒಂದೇ ಡಬ್ಬಿಯ ಹಸಿರು, ಎರಡು ಗಲ್ಲಿಯ ಎರಡು ಬಿಸಿಲು. ಅವಳಿಗೆ ಒಂದು ಖಾಲಿ ಕಾರ್ಡ್ ಕೊಟ್ಟೆ. ಮುಂದಿನ ಚಿತ್ರಕ್ಕೆ ರೋಜಾದ ಸಣ್ಣ ಗಲ್ಲಿಗಳನ್ನೇ ಹಿಡಿಯಬೇಕು ಅಂತ ಅಲ್ಲೇ ನಿಶ್ಚಯವಾಯಿತು. ಅವಳ ಅಮ್ಮನನ್ನು ಕೇಳಿ, ಭಾನುವಾರ ಬರುತ್ತೇನೆ ಅಂದೆ. ಬಡಗಿ ಅಣ್ಣನಿಗೆ ಹೊಸ ಹಲಗೆ ಹೇಳಿದ್ದೇನೆ, ಈ ಸಲ ಅಗಲ ಕಡಿಮೆ, ಎತ್ತರ ಜಾಸ್ತಿ, ಗಲ್ಲಿಯ ಅಳತೆಗೆ.

“ಹತ್ತರ ಮ್ಯಾಲೆ ಬರ್ರಿ ಮೇಡಮ್” ಅಂದಳು ಆ ಹುಡುಗಿ. “ಅದಕ್ಕಿಂತ ಮೊದಲ ನಮ್ಮ ಗಲ್ಲಿದಾಗ ಬೆಳಕೇ ಇರಂಗಿಲ್ಲ.”